ಆ ಪುಸ್ತಕ ನೀವು ಓದಿದ್ದಿರಾ, ಆಪಾ?

ಒಂದು ಪುಸ್ತಕವನ್ನು ಓದದೆಯೇ ಅದರ ಮೇಲೆ ನೀವೆಂದಾದರೂ ತೀರ್ಪು ಹೇಳಿದ್ದೀರಾ? ನಾನು ಹೇಳಿದ್ದೇನೆ. ಆ ತಪ್ಪನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಮದ್ರಸದ ಓದು ಮುಗಿಸಿ, ಮನೆಯಲ್ಲೇ ಓದಿ ಬಿ.ಎ. ಪಾಸಾಗಿದ್ದೆ. ಭದ್ರಾವತಿಯಿಂದ ದಿನಾಲೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಪಾಠ ಮಾಡುತ್ತಿದ್ದೆ. ಒಂದು ದಿನ ಹತ್ತನೇ ತರಗತಿಯ ಹುಡುಗಿಯೊಬ್ಬಳು ಗ್ರಂಥಾಲಯದಿಂದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ತಂದಿದ್ದಳು. “ಇದು ನಮ್ಮ ದೀನನ್ನು ಹೀಯಾಳಿಸುವ ಪುಸ್ತಕ, ವಾಪಸ್ ಕೊಟ್ಟು ಬಾ” ಎಂದೆ. ಅವಳು ಮರುಮಾತಾಡದೆ ಕೊಟ್ಟು ಬಂದಳು. ನಾನು ಅದರ ಒಂದು ಪುಟವನ್ನೂ ನೋಡಿರಲಿಲ್ಲ. ಯಾವುದೋ ಮದುವೆ ಮನೆಯಲ್ಲಿ ಯಾರೋ ಆಡಿದ ಮಾತು ಕಿವಿಗೆ ಬಿದ್ದಿತ್ತು, ಅಷ್ಟೆ. ದಶಕಗಳ ಕಾಲ ನಾಡಿಗೆ ಕಾಗದ ಮಾಡಿಕೊಟ್ಟ ಊರು ನಮ್ಮ ಭದ್ರಾವತಿ. ಆ ಊರಿನವಳಾದ ನಾನು ಪುಟ ತಿರುವದೆ ತೀರ್ಪು ಕೊಟ್ಟಿದ್ದೆ!

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಈ ಗೌರವ ಪಡೆದ ಮೊದಲ ಕನ್ನಡ ಕೃತಿ. ನಮ್ಮ ಊರ ಕಡೆ ಈ ಸಂತೋಷಕ್ಕೆ ಇನ್ನೊಂದು ಕಾರಣವೂ ಇತ್ತು. ಹಾಸನದ ಬಾನು ಅವರು ಎಂಟನೇ ವಯಸ್ಸಿನಲ್ಲಿ ಸೇರಿದ್ದು ಶಿವಮೊಗ್ಗದ ಮಿಷನರಿ ಶಾಲೆಗೆ. ಆರು ತಿಂಗಳೊಳಗೆ ಕನ್ನಡ ಓದು-ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ! ಆದರೆ ಮೊಬೈಲಿನಲ್ಲಿ ಹರಿದಾಡಿದ್ದನ್ನು ನೋಡಿದರೆ, ಹೊಗಳಿದವರಲ್ಲೂ ತೆಗಳಿದವರಲ್ಲೂ ಎಷ್ಟು ಮಂದಿ ಒಂದು ಕಥೆಯನ್ನಾದರೂ ಓದಿದ್ದರೋ!

ಅದೇ ದಿನಗಳಲ್ಲಿ ಭದ್ರಾವತಿ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಸಿಕ್ಕಳು. ಈಗ ಇಬ್ಬರು ಮಕ್ಕಳ ತಾಯಿ. ಮಾತು ಬಾನು ಅವರತ್ತ ಹೊರಳಿತು. ಅವಳು ಮೆಲ್ಲನೆ ಕೇಳಿದಳು: “ಅವತ್ತು ನನ್ನ ಕೈಯಿಂದ ವಾಪಸ್ ಮಾಡಿಸಿದಿರಲ್ಲ, ಆ ಪುಸ್ತಕ ನೀವು ಓದಿದ್ದಿರಾ, ಆಪಾ? ಅದಾದ ಮೇಲೆ ನಾನು ಗ್ರಂಥಾಲಯದ ಕಡೆ ಹೋಗಲೇ ಇಲ್ಲ.” ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಕಾದಂಬರಿ ತರಿಸಿ ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ಅಪ್ಪನ ಹಠಕ್ಕೆ ನಾದಿರಾಳ ದಾಂಪತ್ಯ ಮುರಿಯುತ್ತದೆ. ಗಂಡ-ಹೆಂಡತಿ ಮತ್ತೆ ಒಂದಾಗಬೇಕೆಂದಾಗ, ನಡುವೆ ಒಂದು ರಾತ್ರಿಗಾಗಿ ಬೇರೊಬ್ಬನೊಡನೆ ನಿಕಾಹ್ ಎಂಬ ಏರ್ಪಾಡು. ಅದನ್ನು ತಾಳಲಾರದೆ ಅವಳು ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ.

ಪುಸ್ತಕ ಮುಚ್ಚಿದಾಗ ನೆನಪಾದದ್ದು ಮದ್ರಸದ ಪಾಠ. ಮೊದಲೇ ಮಾತಾಡಿಕೊಂಡು ಇಂತಹ ನಿಕಾಹ್ ಮಾಡುವವನನ್ನೂ ಮಾಡಿಸಿಕೊಳ್ಳುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆಂದು ಹದೀಸಿನಲ್ಲಿ ಓದಿದ್ದೆ. ಹಾಗಾದರೆ ಲೇಖಕಿಯ ಸಿಟ್ಟು ಯಾರ ಮೇಲೆ? ದೀನಿನ ಮೇಲೆಯೋ, ದೀನಿನ ಹೆಸರಿನಲ್ಲಿ ಹೆಣ್ಣಿನ ಬಾಳನ್ನು ಪಣಕ್ಕಿಡುವವರ ಮೇಲೆಯೋ? ನನಗಂತೂ ಎರಡನೆಯದೇ ಕಂಡಿತು. ಹದೀಸ್ ಕಲಿತ ನಾನೇ ಅದನ್ನು ಆ ಹುಡುಗಿಗೆ ವಿವರಿಸಬೇಕಿತ್ತು. ಬದಲಿಗೆ ಬಾಗಿಲು ಮುಚ್ಚಿದೆ.

ಹಾಗೆಂದು ಲೇಖಕರು ಬರೆದದ್ದೆಲ್ಲ ಸರಿ ಎನ್ನುತ್ತಿಲ್ಲ. ನಮ್ಮ ಮನೆಗಳ ಕಥೆ ಓದಿ “ಇಸ್ಲಾಮ್ ಎಂದರೆ ಇಷ್ಟೇ” ಎಂದುಬಿಡುವ ಹೊರಗಿನ ಓದುಗರಿದ್ದಾರೆ. ಒಬ್ಬ ನಾದಿರಾಳ ಅಪ್ಪನಲ್ಲಿ ಎಲ್ಲ ಅಪ್ಪಂದಿರನ್ನೂ ಕಾಣುವವರು ಅವರು. ಅದೂ ತಪ್ಪು ಓದೇ. ಈ ನೋವು ನಮಗೊಬ್ಬರಿಗೇ ಬಂದದ್ದೂ ಅಲ್ಲ. ನಮ್ಮ ಜಿಲ್ಲೆಯ ತೀರ್ಥಹಳ್ಳಿ ಕಡೆಯ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದಾಗ ಬ್ರಾಹ್ಮಣ ಸಮಾಜದಲ್ಲೂ ಹಲವರು ನೊಂದುಕೊಂಡಿದ್ದರು. ತನ್ನ ಮನೆಯ ಮಾತು ಬೀದಿಯಲ್ಲಿ ಕೇಳಿದರೆ ಯಾರಿಗೂ ಕಸಿವಿಸಿಯೇ.

ಸಹೋದರಿಯರೇ, ಹದೀಸ್ ವಿದ್ವಾಂಸರು ನಮಗೊಂದು ಒಳ್ಳೆಯ ದಾರಿ ತೋರಿಸಿದ್ದಾರೆ. ಒಂದು ಮಾತು ಬಂದರೆ ಅವರು ಮೊದಲು ಅದರ ಸನದ್ ನೋಡುತ್ತಿದ್ದರು: ಹೇಳಿದವರು ಯಾರು, ಅವರು ಯಾರಿಂದ ಕೇಳಿದರು? ಆಮೇಲೆ ಮತನ್, ಅಂದರೆ ಮಾತಿನ ಒಳಗಿನ ಅರ್ಥ. ಕುರ್‌ಆನಿನ ಆಯತನ್ನು ಹಿಂದು-ಮುಂದಿನಿಂದ ಕಿತ್ತು ತೆಗೆದರೆ ನಮಗೆ ನೋವಾಗುತ್ತದೆ. ಹಾಗಿರುವಾಗ ಒಬ್ಬ ಲೇಖಕಿಯ ಒಂದು ಸಾಲನ್ನು ಕಿತ್ತು ತೀರ್ಪು ಕೊಡುವುದು ನ್ಯಾಯವೇ? ಮಾನವ ಬರಹ ಕುರ್‌ಆನಿಗೆ ಸಮವಲ್ಲ, ನಿಜ. ಆದರೆ ನ್ಯಾಯ ಎಲ್ಲರಿಗೂ ಒಂದೇ. ಮದುವೆ ಮನೆಯ ನನ್ನ ಸನದನ್ನು ಯಾವ ವಿದ್ವಾಂಸರೂ ಒಪ್ಪುತ್ತಿರಲಿಲ್ಲ!

ಅದೇ ಕಾದಂಬರಿಯ ಒಂದು ಪ್ರತಿ ಕೊಂಡು ಅವಳ ಮನೆಗೆ ಹೋದೆ. “ಅವತ್ತು ನಾನು ಓದಿರಲಿಲ್ಲ, ಮಾಫ್ ಮಾಡು. ಓದು. ಹಿಡಿಸದಿದ್ದರೆ ಅದನ್ನೂ ಹೇಳು” ಎಂದೆ. ವಾರದ ನಂತರ ಫೋನ್ ಮಾಡಿದಳು: “ಕೊನೆ ನನಗೆ ಹಿಡಿಸಲಿಲ್ಲ, ಆಪಾ. ನಾದಿರಾ ಬದುಕಬೇಕಿತ್ತು. ಮಗುವಿಗಾಗಿಯಾದರೂ ಬದುಕಬೇಕಿತ್ತು.”

ನಾನು ಒಪ್ಪಲಿಲ್ಲ. ಅವಳೂ ಬಿಡಲಿಲ್ಲ. ಅರ್ಧ ಗಂಟೆ ವಾದ ಮಾಡಿದೆವು. ಇಪ್ಪತ್ತು ವರ್ಷಗಳ ಹಿಂದೆಯೇ ನಡೆಯಬೇಕಿದ್ದ ಪಾಠ ಅದು. ನಿಮ್ಮ ಮಗಳು ನಾಳೆ ಒಂದು ಪುಸ್ತಕ ಹಿಡಿದು ಬಂದರೆ, ಬೇಡ ಎನ್ನುವ ಮುಂಚೆ ದಯವಿಟ್ಟು ನೀವೊಮ್ಮೆ ಓದಿ. ಆಮೇಲೆ ಅವಳ ಜೊತೆ ಕುಳಿತು ಜಗಳವಾಡಿ.