ನೀವು ನಿದ್ದೆ ಮಾಡ್ತೀರಾ ಅಮ್ಮ?

ನಮ್ಮ ಮನೆಯ ರಾಗಿ ಡ್ರಮ್ಮಿಗೆ ಎರಡು ಕೆಲಸವಿತ್ತು. ಒಂದು ರಾಗಿ ಕಾಯುವುದು, ಇನ್ನೊಂದು ಅವ್ವನ ದುಡ್ಡು ಕಾಯುವುದು. ಡೈರಿಯಲ್ಲಿ ಹಾಲಿನ ಬಟವಾಡೆ ಆದ ದಿನ ಅವ್ವ ನೋಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೊಣಕೈವರೆಗೂ ಕೈ ಇಳಿಸಿ ರಾಗಿಯೊಳಗೆ ಹುದುಗಿಸುತ್ತಿದ್ದಳು. ಅಪ್ಪ ಅದನ್ನು ಪತ್ತೆ ಹಚ್ಚಿದ ದಿನ ಅಡುಗೆಮನೆ ತುಂಬ ರಾಗಿ ಚೆಲ್ಲಾಡಿತ್ತು. ಅವ್ವ ಅಳಲಿಲ್ಲ. ಚೆಲ್ಲಿದ್ದನ್ನು ಬಳಿದು, ಮೊರದಲ್ಲಿ ಕೇರಿ, ಮತ್ತೆ ಡ್ರಮ್ಮಿಗೆ ತುಂಬಿದಳು. ಮುಂದಿನ ಬಟವಾಡೆಯಿಂದ ದುಡ್ಡು ಎದುರುಮನೆ ಅಕ್ಕನ ಪೆಟ್ಟಿಗೆ ಸೇರತೊಡಗಿತು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ನಾನಾಗ ಏಳನೇ ಕ್ಲಾಸು. ಅವತ್ತು ಹಬ್ಬವಿಲ್ಲದಿದ್ದರೂ ಅವ್ವ ಪಾಯಸ ಮಾಡಿದ್ದಳು. ವಾರ ಕಳೆಯುವುದರೊಳಗೆ ಅಪ್ಪ ಸಾರಾಯಿ ಪ್ಯಾಕೆಟ್ ಬಿಟ್ಟು ವಿಸ್ಕಿ ಕ್ವಾರ್ಟರ್‌ಗೆ ಬಂದಿದ್ದ. ಕುಡಿತ ಅಷ್ಟೇ ಇತ್ತು, ಖರ್ಚು ಮಾತ್ರ ಏರಿತು.

ಬುದ್ಧಿ ಹೇಳುವವರಿಗೆ ಕಡಿಮೆ ಇರಲಿಲ್ಲ. ಅಜ್ಜಿ, 'ಗಂಡಸು ಅಂದ್ಮೇಲೆ ಕುಡೀತಾನೆ, ನೀನೇ ಹೊಂದ್ಕೊಂಡು ಹೋಗ್ಬೇಕು' ಅನ್ನುತ್ತಿದ್ದಳು. 'ಮನೇಲಿ ನೆಮ್ಮದಿ ಇದ್ದಿದ್ರೆ ಅಣ್ಣ ಯಾಕ್ ಕುಡೀತಿದ್ದ?' ಇದು ಸೋದರತ್ತೆಯ ಮಾತು. ಮಾವ ಮಾತ್ರ 'ಬಿಟ್ಟು ಬಂದ್ಬಿಡು' ಎಂದ. ಎಲ್ಲಿಗೆ ಬರಬೇಕೆಂದು ಹೇಳಲಿಲ್ಲ.

ಕುಡಿಯುವವರ ಮನೆಯವರು ಹೇಗೆ ಬದುಕು ನೂಕುತ್ತಾರೆಂದು ಜಿಮ್ ಆರ್ಫರ್ಡ್ ಮತ್ತು ಸಂಗಡಿಗರು ಮೆಕ್ಸಿಕೊ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಕೇಳಿ ಬರೆದಿದ್ದನ್ನು ಮುಂದೆ ಓದಿದೆ. ಅವರು ಕಂಡ ದಾರಿಗಳು ಮೂರು: ಎದುರು ನಿಲ್ಲುವುದು, ಸಹಿಸಿಕೊಳ್ಳುವುದು, ದೂರ ಸರಿದು ತನ್ನ ಬದುಕು ನೋಡಿಕೊಳ್ಳುವುದು. ಓದುತ್ತ ನಗು ಬಂತು. ಅವ್ವ ಈ ಮೂರನ್ನೂ ಒಂದೇ ದಿನದಲ್ಲಿ ಮುಗಿಸುತ್ತಿದ್ದಳು. ಬೆಳಿಗ್ಗೆ ಬಾಟಲಿ ಚೆಲ್ಲುವಳು, ಮಧ್ಯಾಹ್ನ ಅಪ್ಪ ಕೆಲಸ ಮಾಡುವಲ್ಲಿಗೆ 'ಜ್ವರ' ಅಂತ ಸುಳ್ಳು ಹೇಳಿ ಕಳಿಸುವಳು, ಸಂಜೆ ಹಸುವಿನ ಕೊಟ್ಟಿಗೆಯಲ್ಲಿ ಒಬ್ಬಳೇ ಕೂರುವಳು.

ನಾನು ಪಿಯುಸಿಯಲ್ಲಿದ್ದಾಗ ಒಂದು ಗೌರಿ ಹಬ್ಬಕ್ಕೆ ಅವ್ವ ಗಟ್ಟಿ ಮನಸ್ಸು ಮಾಡಿದಳು. ಅಪ್ಪನನ್ನು ಮನೆಯಲ್ಲೇ ಕೂರಿಸಿ, ಒಂದು ತೊಟ್ಟೂ ಸಿಗದಂತೆ ನೋಡಿಕೊಂಡಳು. ಮಾರನೇ ಬೆಳಿಗ್ಗೆ ಅವನ ಕೈ ಲೋಟ ಹಿಡಿಯದಷ್ಟು ನಡುಗಿತು. ಅವತ್ತು ರಾತ್ರಿ ಫಿಟ್ಸ್ ಬಂತು. ಆಸ್ಪತ್ರೆಗೆ ಸೇರಿಸಿದ ಮೇಲೆ, ಗೋಡೆ ಮೇಲೆ ಇರುವೆ ಸಾಲು ಹರಿಯುತ್ತಿದೆ ಎಂದು ಕೂಗಿಕೊಳ್ಳುತ್ತಿದ್ದ. ವರ್ಷಗಟ್ಟಲೆ ದಿನವೂ ಕುಡಿದವರಿಗೆ ಒಮ್ಮೆಲೇ ನಿಲ್ಲಿಸಬಾರದು, ಪ್ರಾಣಕ್ಕೇ ಅಪಾಯ, ಡಾಕ್ಟರ ಕಣ್ಣೆದುರೇ ಬಿಡಿಸಬೇಕು ಎಂದು ನಮಗೆ ಗೊತ್ತಾದದ್ದು ಅಲ್ಲಿ. ಅತ್ತೆ ವಾರ್ಡಿನ ಬಾಗಿಲಲ್ಲೇ 'ಬಿಡಿಸ್ತೀನಿ ಅಂತ ಹೋಗಿ ಸಾಯಿಸ್ತಿದ್ಲು' ಎಂದಳು. ಕುಡಿದರೂ ಅವ್ವನ ತಪ್ಪು, ಬಿಟ್ಟರೂ ಅವ್ವನ ತಪ್ಪು.

ಮೂರನೇ ದಿನ ಒಬ್ಬರು ಆಪ್ತ ಸಮಾಲೋಚಕಿ ಬಂದರು. ಎಷ್ಟು ವರ್ಷದ ಕುಡಿತ, ದಿನಕ್ಕೆಷ್ಟು, ಹೊಡೆಯುತ್ತಾರಾ, ಎಲ್ಲ ಬರೆದುಕೊಂಡರು. ಆಮೇಲೆ ಪೆನ್ನು ಮುಚ್ಚಿ ಕೇಳಿದರು: 'ನೀವು ರಾತ್ರಿ ನಿದ್ದೆ ಮಾಡ್ತೀರಾ ಅಮ್ಮ?'

ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಅಷ್ಟು ವರ್ಷ ಎಲ್ಲರೂ ಕೇಳಿದ್ದು ಅಪ್ಪನ ಬಗ್ಗೆಯೇ. ಅಜ್ಜಿ, ಅತ್ತೆ, ಮಾವ ಮಾತ್ರವಲ್ಲ, ನಾನೂ ಅಷ್ಟೇ. 'ಅಪ್ಪ ಬಂದ್ನಾ?' ಎಂದು ದಿನಾ ಕೇಳುತ್ತಿದ್ದ ನಾನು 'ನೀನು ಉಂಡ್ಯಾ?' ಎಂದು ಕೇಳಿದ ನೆನಪಿಲ್ಲ.

ಈ ಮರೆವು ನಮ್ಮ ಮನೆಯದಷ್ಟೇ ಅಲ್ಲ. ಕುಡಿತ ಬಿಡುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಅಮೆರಿಕದಲ್ಲಿ ಶುರುವಾದದ್ದು 1935ರಲ್ಲಿ. ಅದರ ಸ್ಥಾಪಕರಲ್ಲಿ ಒಬ್ಬನ ಹೆಂಡತಿ ಲೋಯಿಸ್ ವಿಲ್ಸನ್, ಗೆಳತಿಯೊಂದಿಗೆ ಸೇರಿ ಮನೆಯವರಿಗಾಗಿ ಅಲ್-ಅನಾನ್ ಕಟ್ಟಿದ್ದು 1951ರಲ್ಲಿ. ನಡುವೆ ಹದಿನಾರು ವರ್ಷ.

ನಮ್ಮೂರಲ್ಲಿ ಅಂಥ ಕೂಟವಿರಲಿಲ್ಲ, ಸ್ತ್ರೀಶಕ್ತಿ ಸಂಘವಿತ್ತು. ವಾರದ ಉಳಿತಾಯ ಬರೆದಾದ ಮೇಲೆ ಹೆಂಗಸರು ಸ್ವಲ್ಪ ಹೊತ್ತು ಕೂರುತ್ತಿದ್ದರು. ಅವ್ವ ಅಲ್ಲಿ ಮೊದಲ ಸಲ ಬಾಯಿಬಿಟ್ಟಾಗ, ತಮ್ಮ ಮನೆಯದೂ ಇದೇ ಕತೆ ಎಂದು ಇನ್ನೂ ನಾಲ್ಕು ಜನ ಹೇಳಿದರಂತೆ. ಯಾರೂ ಪವಾಡ ಮಾಡಲಿಲ್ಲ. ಎದುರುಮನೆ ಅಕ್ಕ 'ರಾತ್ರಿ ಎಷ್ಟೊತ್ತಾದ್ರೂ ಬಾಗಿಲು ತಟ್ಟು' ಎಂದಳು. ಪರೀಕ್ಷೆ ಹೊತ್ತಿಗೆ ನಾನು ಓದಿದ್ದು ಅವಳ ಪಡಸಾಲೆಯಲ್ಲಿ. ಅವ್ವನ ಹೆಸರಲ್ಲಿ ಬ್ಯಾಂಕ್ ಖಾತೆಯಾಯಿತು. 'ಜ್ವರ' ಅಂತ ಹೇಳಿ ಕಳಿಸುವುದು ನಿಂತಿತು.

ಅಪ್ಪ ಚಿಕಿತ್ಸೆಯ ನಂತರ ಹನ್ನೊಂದು ತಿಂಗಳು ಬಿಟ್ಟ, ಮತ್ತೆ ಹಿಡಿದ, ಮತ್ತೆ ಆಸ್ಪತ್ರೆಗೆ ಹೋದ. ಈಗ ಎರಡು ವರ್ಷದಿಂದ ಮುಟ್ಟಿಲ್ಲ. ನಾಳೆ ಏನೋ ಗೊತ್ತಿಲ್ಲ. ಆದರೆ ಅವನು ಕುಡಿಯುತ್ತಿದ್ದ ದಿನಗಳಲ್ಲೇ ಅವ್ವ ನಿದ್ದೆ ಮಾಡಲು ಕಲಿತಿದ್ದಳು.

ಹೋದ ಸಲ ಊರಿಗೆ ಹೋದಾಗ ನಮ್ಮ ಬೀದಿಯ ಹೊಸ ಸೊಸೆಯೊಬ್ಬಳು ಬಂದು ಜಗಲಿಯ ತುದಿಗೆ ಕೂತಳು. ಕೆನ್ನೆ ಊದಿತ್ತು. ಅವ್ವ ಅವಳ ಗಂಡನ ಸುದ್ದಿ ಎತ್ತಲಿಲ್ಲ. ಒಳಗೆ ಹೋಗಿ ತಟ್ಟೆಗೆ ಮುದ್ದೆ ಹಾಕಿ ತಂದು ಅವಳ ಮುಂದಿಟ್ಟು ಕೇಳಿದಳು: 'ರಾತ್ರಿ ಮಲಗಿದ್ಯೇನವ್ವ?'