ಅರ್ಧ ಅಡಿಯ ಅಂತರ

ಮೂರು ವರ್ಷಗಳ ಹಿಂದೆ ನನ್ನಾಕೆಯ ಎದೆಯಲ್ಲಿ ಪೇಸ್‌ಮೇಕರ್ ಕೂಡಿಸಿದರು. ಮನೆಗೆ ಕರೆತಂದ ಮರುದಿನವೇ ಪರಿಚಯದವರೊಬ್ಬರು ನನ್ನನ್ನು ಕೋಟೆ ಕೆರೆಯ ದಂಡೆಯ ಮೇಲೆ ನಿಲ್ಲಿಸಿ, "ಸಾಹೇಬ್ರ, ಮೊಬೈಲಿನ ಅಲೆಗೆ ಆ ಮಶೀನು ನಿಂತುಬಿಡ್ತದಂತ್ರೀ" ಎಂದರು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ತಾಳೆ ನೋಡಿದ ನಾನು ಈ ಮಾತನ್ನು ಮಾತ್ರ ತಾಳೆ ನೋಡದೆ ನಂಬಿದೆ. ಅಂದೇ ಮೊಬೈಲು ಪಡಸಾಲೆಯ ಗೂಡು ಸೇರಿತು. ಪುಣೆಯಿಂದ ಮಗಳು ಕರೆ ಮಾಡಿದರೆ ನಾನೇ ಎತ್ತಿ, "ಅವ್ವ ಆರಾಮ ಇದ್ದಾಳ" ಎಂದು ಇಟ್ಟುಬಿಡುತ್ತಿದ್ದೆ. ಮಿಕ್ಸರನ್ನೂ ಆಕೆಗೆ ಮುಟ್ಟಗೊಡಲಿಲ್ಲ.

ದೀಪಾವಳಿ ರಜೆಗೆ ಬಂದಿದ್ದ ಮೊಮ್ಮಗಳು ಫೋನು ಹಿಡಿದುಕೊಂಡೇ ಅಜ್ಜಿಯ ತೊಡೆಯೇರಲು ಓಡಿದಳು. ನಾನು ಗದರಿದೆ. ಕೂಸು ಅಳುತ್ತ, "ನನ್ನಿಂದ ಅಜ್ಜಿ ಸಾಯ್ತಾಳೇನು?" ಎಂದು ಕೇಳಿತು. ನನ್ನಾಕೆ ನನ್ನ ಕಡೆ ತಿರುಗಿ, "ಮಶೀನು ಹಾಕಿಸಿದ್ದು ಬದುಕಾಕ ಅಲ್ಲೇನ್ರೀ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ವಾರದ ತಪಾಸಣೆಗೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಹೋದೆ. ಡಾಕ್ಟರು ಸಮಾಧಾನದಿಂದ ವಿವರಿಸಿದರು. ಪೇಸ್‌ಮೇಕರ್ ಹೃದಯದ ಅತಿ ಸಣ್ಣ ವಿದ್ಯುತ್ ಸಂಕೇತವನ್ನು ಸದಾ ಆಲಿಸುತ್ತಿರುತ್ತದೆ. ಫೋನನ್ನು, ಅದರೊಳಗಿನ ಅಯಸ್ಕಾಂತವನ್ನು ತೀರಾ ಹತ್ತಿರ ಒತ್ತಿ ಹಿಡಿದರೆ ಅದು ತಪ್ಪು ತಿಳಿಯಬಹುದು. ಆದ್ದರಿಂದ 6 ಇಂಚು ದೂರವಿರಲಿ, ಮಶೀನು ಎಡಕ್ಕಿದ್ದರೆ ಫೋನು ಬಲಗಿವಿಗಿರಲಿ, ಎದೆಯ ಮೇಲೆ ಇಡುವುದು ಬೇಡ. ಇಂಡಕ್ಷನ್ ಒಲೆಯಿಂದ 2 ಅಡಿ ದೂರ. ಮಿಕ್ಸರ್, ಟಿವಿಗೆ ಹೆದರಬೇಕಿಲ್ಲ.

"ಟವರ್?" ಎಂದೆ. ಎಕ್ಸ್‌ರೇಯಂತೆ ಅಣುಗಳನ್ನು ಒಡೆಯುವ ಶಕ್ತಿ ಈ ಅಲೆಗಳಿಗಿಲ್ಲ. ಬಹಳ ಪ್ರಬಲವಾದರೆ ಮೈಯನ್ನು ಬಿಸಿ ಮಾಡುತ್ತವೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇವನ್ನು 'ಬಹುಶಃ' ಎಂಬ 2ಬಿ ಪಟ್ಟಿಗೆ ಸೇರಿಸಿತು. ಅದು ರುಜುವಾತಾದ ಅಪರಾಧವಲ್ಲ, ಮುಗಿಯದ ವಿಚಾರಣೆ. 2012ರ ಸೆಪ್ಟೆಂಬರ್ 1ರಿಂದ ನಮ್ಮ ದೇಶ ಟವರುಗಳಿಗೆ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗವನ್ನಷ್ಟೇ ಒಪ್ಪಿದೆ.

ಮನೆಗೆ ಬಂದು, ಲೆಡ್ಜರಿಗೆ ಗೆರೆ ಎಳೆಯುತ್ತಿದ್ದ ನನ್ನ ಹಳೆಯ ಕಟ್ಟಿಗೆಯ ಸ್ಕೇಲನ್ನು ಮೊಮ್ಮಗಳ ಕೈಗೆ ಕೊಟ್ಟೆ. ಸಂಜೆ ಪುಣೆಯ ಕರೆ ಬಂತು. ಅಜ್ಜಿಯ ಬಲಗಿವಿಯ ಫೋನಿನಿಂದ ಎಡ ಹೆಗಲಿನ ಕೆಳಗಿನ ಮಶೀನಿನವರೆಗೆ ಅಳೆದು ನೋಡಿ ಆಕೆ, "ಆರಕ್ಕಿಂತ ಜಾಸ್ತಿ ಅದ ಅಜ್ಜಾ, ಪಾಸ್!" ಎಂದಳು.

ತಾಯಿ ಮಗಳು ಒಂದು ತಾಸು ಮಾತಾಡಿದರು. ನಾನು ಒಲೆಯ ಮೇಲಿನ ಹಾಲು ನೋಡಿಕೊಂಡೆ.