ಅರಸೀಕೆರೆಯಲ್ಲಿ ಇಳಿದ ಒಂದು ದಿನ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರದೇಶದಿಂದ ಪತ್ರ ಬರೆದಿದ್ದ. ಪತ್ನಿಯೊಡನೆ ಬಾಲ್ಟಿಕ್ ಸಮುದ್ರದಲ್ಲಿ ಹಡಗಿನ ಪ್ರವಾಸ ಕೈಗೊಂಡಿದ್ದನಂತೆ. ಎಸ್ಟೋನಿಯಾ ದೇಶದ ಟ್ಯಾಲಿನ್ ಎಂಬ ಪುರಾತನ ಬಂದರಿನಲ್ಲಿ ಹಡಗು ಬೆಳಿಗ್ಗೆ ನಿಂತು ಸಂಜೆ ಹೊರಡುವುದು. ನಡುವಿನ ಎಂಟು ಗಂಟೆಗಳಲ್ಲಿ ಊರು ನೋಡಿ ಮರಳಬೇಕು. ಕೋಟೆಯ ಗೋಡೆ, ಕಲ್ಲು ಹಾಸಿದ ಓಣಿಗಳು, 1404ರಲ್ಲಿ ಕಟ್ಟಿ ಮುಗಿಸಿದ ಪುರಭವನ, ಅದೇ ಚೌಕದಲ್ಲಿ 1422ರ ವೇಳೆಗಾಗಲೇ ಇದ್ದು ಇಂದಿಗೂ ಬಾಗಿಲು ತೆರೆದಿರುವ ಔಷಧಿ ಅಂಗಡಿ, ಇವನ್ನೆಲ್ಲ ಸೊಗಸಾಗಿ ವರ್ಣಿಸಿದ್ದ. ಪತ್ರದ ಕೊನೆಗೆ ಒಂದು ಸಾಲು: "ಸರ್, ಹಡಗಿನವರು ನಮಗೆ ಎಂಟು ಗಂಟೆ ಕೊಟ್ಟರು. ನೀವು ಹಳೇಬೀಡಿಗೆ ಕೊಟ್ಟದ್ದು ಇಪ್ಪತ್ತೈದು ನಿಮಿಷ. ಹಳೇಬೀಡು ಅಂದರೆ ನನಗೆ ಈಗಲೂ ನೆನಪಾಗುವುದು ನಿಮ್ಮ ಸೀಟಿ."

ವಿನೋದಕ್ಕೆ ಬರೆದ ಮಾತೇ. ಆದರೂ ಎರಡು ದಿನ ಅದು ಮನಸ್ಸಿನಲ್ಲಿ ಮುಳ್ಳಿನಂತೆ ಕುಳಿತಿತ್ತು. ಏಕೆಂದರೆ ಅದು ಸತ್ಯ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಆ ಬಸ್ಸುಗಳಲ್ಲಿದ್ದವರು. ರಾಣೆಬೆನ್ನೂರಿನಿಂದ ರಾತ್ರಿ ಹೊರಟು, ಬೆಳಗಾಗುವಷ್ಟರಲ್ಲಿ ಬೇಲೂರು ಸೇರಿ, ಅಲ್ಲಿಂದ ಹಳೇಬೀಡು, ಅಲ್ಲಿಂದ ಶ್ರವಣಬೆಳಗೊಳ, ಕತ್ತಲಾದ ಮೇಲೆ ಮೈಸೂರು. ಎಲ್ಲವೂ ಒಂದೇ ಹಗಲಿನಲ್ಲಿ. ಐವತ್ತೈದು ಅರವತ್ತು ಮಕ್ಕಳು, ಇಬ್ಬರು ಉಪಾಧ್ಯಾಯರು, ಒಂದು ಸೀಟಿ. ನನ್ನ ಕಣ್ಣು ದೇವಾಲಯದ ಮೇಲಿರುತ್ತಿರಲಿಲ್ಲ, ನಿಮ್ಮ ತಲೆಗಳ ಮೇಲಿರುತ್ತಿತ್ತು. ಹತ್ತಿಸುವಾಗ ಎಣಿಕೆ, ಇಳಿಸುವಾಗ ಎಣಿಕೆ. ಸಮಾಜ ವಿಜ್ಞಾನದ ಮೇಷ್ಟ್ರಾದುದರಿಂದ ಜಗತಿಯ ಮೇಲೆ ನಿಂತು ಇಸವಿಗಳನ್ನು ಗಟ್ಟಿಯಾಗಿ ಹೇಳುತ್ತಿದ್ದೆ: ಚೆನ್ನಕೇಶವ ದೇವಾಲಯ 1117, ವಿಷ್ಣುವರ್ಧನ, ಹೊಯ್ಸಳೇಶ್ವರ 1121, ಮಲಿಕ್ ಕಾಫರನ ದಾಳಿ 1311. ಊರಿಗೆ ಮರಳಿದ ಮೇಲೆ 'ನಮ್ಮ ಪ್ರವಾಸ' ಎಂಬ ಪ್ರಬಂಧ ಬರೆಸುತ್ತಿದ್ದೆ. ಅರವತ್ತು ನೋಟ್ ಪುಸ್ತಕಗಳಲ್ಲಿಯೂ ಒಂದೇ ವಾಕ್ಯ: 'ಬೇಲೂರಿನ ಶಿಲ್ಪಕಲೆಯು ಅತ್ಯಂತ ಮನೋಹರವಾಗಿದೆ.' ನೀವು ನೋಡಿರಲಿಲ್ಲ, ನಾನು ತೋರಿಸಿರಲಿಲ್ಲ. ಆದರೂ ಹತ್ತಕ್ಕೆ ಏಳು ಅಂಕ ಕೊಡುತ್ತಿದ್ದೆ.

ಹೀಗೆ ಒಟ್ಟು ಒಂಬತ್ತು ಸಲ ಬೇಲೂರು ಹಳೇಬೀಡುಗಳಿಗೆ ಹೋಗಿಬಂದೆ. ಆ ಒಂಬತ್ತು ಸಲವೂ ಹಿಂದಿನ ರಾತ್ರಿ ಎಚ್ಚರವಿದ್ದು ಚಪಾತಿ, ಶೇಂಗಾ ಚಟ್ನಿ, ಬುತ್ತಿಯನ್ನ ಕಟ್ಟಿಕೊಟ್ಟವಳು ನನ್ನ ಶ್ರೀಮತಿ. ಆಕೆ ಮಾತ್ರ ಬೇಲೂರನ್ನು ನೋಡಿರಲಿಲ್ಲ. ಬಸ್ಸಿನಲ್ಲಿ ಆಸನ ಇರುತ್ತಿರಲಿಲ್ಲವೆಂಬುದು ನಾನು ಹೇಳಿಕೊಳ್ಳುತ್ತಿದ್ದ ಕಾರಣ. ಆಕೆ ಎಂದೂ ಕೇಳಲಿಲ್ಲವೆಂಬುದು ಇನ್ನೊಂದು ಕಾರಣ. ಅದು ಮೊದಲನೆಯದಕ್ಕಿಂತ ಕೆಟ್ಟದ್ದೆಂದು ನನಗೆ ತಿಳಿಯಲು ನಿವೃತ್ತಿಯಾಗಬೇಕಾಯಿತು.

2006ರ ಫೆಬ್ರವರಿಯಲ್ಲಿ ಮೈಸೂರಿನ ನನ್ನ ನಾದಿನಿಯ ಮಗನ ಮದುವೆ. ನಾವು ರಾತ್ರಿಯ ರೈಲಿನಲ್ಲಿ ಹೊರಟು ಅರಸೀಕೆರೆಯಲ್ಲಿ ಇಳಿದು, ಅಲ್ಲಿಂದ ಹಾಸನದ ಮಾರ್ಗವಾಗಿ ಮೈಸೂರಿಗೆ ಬೇರೆ ರೈಲು ಹಿಡಿಯಬೇಕಾಗಿತ್ತು. ಬೆಳಿಗ್ಗೆಯ ಗಾಡಿಗೇ ಹೋಗಬಹುದಾಗಿತ್ತು. ಆದರೆ ಮರುದಿನ ಸಂಜೆಯ ಗಾಡಿಗೆ ಹೋದರೂ ರಾತ್ರಿಯ ವರಪೂಜೆಗೆ ತಲಪುತ್ತೇವೆಂದು ಲೆಕ್ಕ ಹಾಕಿ, ನಡುವಿನ ಹಗಲನ್ನು ನಾನು ಬೇಕೆಂದೇ ಖಾಲಿ ಇಟ್ಟುಕೊಂಡಿದ್ದೆ. ಆಕೆಗೆ ಹೇಳಿದ್ದು ರೈಲು ಹತ್ತಿದ ಮೇಲೆ. "ಇಷ್ಟು ವರ್ಷ ಇಲ್ಲದ್ದು ಈಗೇನು ರೀ," ಎಂದಳು. ಆದರೆ ಆ ರಾತ್ರಿ ನಿದ್ದೆ ಮಾಡಲಿಲ್ಲ.

ಅರಸೀಕೆರೆ ಸಮುದ್ರವಿಲ್ಲದ ಬಂದರು. ಬೆಂಗಳೂರು ಹುಬ್ಬಳ್ಳಿಯ ಹಳಿಗೆ ಮೈಸೂರಿನ ಹಳಿ ಬಂದು ಕೂಡುವ ತಾಣ. ನಮ್ಮ ಕಡೆಯ ಜನ ಅಲ್ಲಿ ಇಳಿಯುವುದು ಇನ್ನೊಂದನ್ನು ಹತ್ತುವುದಕ್ಕೆ ಮಾತ್ರ. ನಾನೂ ಎಷ್ಟು ಸಲ ಅಲ್ಲಿ ಚಹ ಕುಡಿದಿರುವೆನೋ ಲೆಕ್ಕವಿಲ್ಲ. ನಿಲ್ದಾಣದ ಹೊರಗೆ ಕಾಲಿಟ್ಟದ್ದು ಅಂದೇ ಮೊದಲು. ಅಲ್ಲಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ ನಿಲ್ದಾಣಕ್ಕೇ ಬಂದು, ಮದುವೆಯ ಉಡುಗೊರೆಯ ಪಾತ್ರೆಗಳಿದ್ದ ನಮ್ಮ ಟ್ರಂಕನ್ನು ಮಂಡಿಯಲ್ಲಿ ಇರಿಸಿಕೊಂಡ. ಜಾವಗಲ್ ಮಾರ್ಗವಾಗಿ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ನಮ್ಮನ್ನು ಕೂಡಿಸಿ, "ಸಂಜೆ ಐದೂವರೆಗೆಲ್ಲ ಬಂದುಬಿಡಿ ಸರ್," ಎಂದು ಎಚ್ಚರಿಸಿದ. ಈಗ ಸೀಟಿ ಅವನ ಕೈಯಲ್ಲಿತ್ತು.

ಬೇಲೂರಿನಲ್ಲಿ ದೇವರ ದರ್ಶನವಾಯಿತು. ಹೊರಗೆ ಬಂದು ಜಗತಿಯ ಮೇಲೆ ನಾನು ಅಭ್ಯಾಸಬಲದಿಂದ ಆರಂಭಿಸಿದೆ: ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆದು, ಗಾಳಿ ಬೆಳಕಿಗೆ ಬರುಬರುತ್ತ ಗಟ್ಟಿ, ಮದನಿಕೆಯರು ಒಟ್ಟು ನಲವತ್ತೆರಡು, ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು. ಆಕೆ ತಲೆ ಎತ್ತಿ ನೋಡುತ್ತಿದ್ದಳೇ ಹೊರತು ಕೇಳುತ್ತಿದ್ದಂತೆ ಕಾಣಲಿಲ್ಲ. ಮಾತಿನ ನಡುವೆ ಶಿಲ್ಪಿಗಳ ಹೆಸರು ಬಂತು. ಹೊಯ್ಸಳರ ಕಾಲದ ರೂವಾರಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಬರೆದಿಟ್ಟವರು. ಈ ಮದನಿಕೆಯರಲ್ಲಿ ಕೆಲವರನ್ನು ಕಡೆದವನು ಬಳ್ಳಿಗಾವೆಯ ದಾಸೋಜ, ಇನ್ನು ಕೆಲವರನ್ನು ಅವನ ಮಗ ಚಾವಣ ಎಂದೆ. ಆಕೆ ಥಟ್ಟನೆ ತಿರುಗಿದಳು.

"ಯಾವ ಬಳ್ಳಿಗಾವೆ? ನಮ್ಮ ಶಿಕಾರಿಪುರದ ಬಳ್ಳಿಗಾವಿಯೇ?"

ಅದೇ ಎಂದೆ. ಆಕೆಯ ತವರು ಅಲ್ಲಿಗೆ ಎರಡು ಹರಿದಾರಿ ದೂರದ ಹಳ್ಳಿ. ಮೂವತ್ತು ವರ್ಷ ತರಗತಿಯಲ್ಲಿ ಈ ಹೆಸರುಗಳನ್ನು ಹೇಳಿದವನಿಗೆ, ಅವರು ನನ್ನ ಅತ್ತೆಯ ಮನೆಯ ಕಡೆಯವರೆಂದು ಒಮ್ಮೆಯೂ ಹೊಳೆದಿರಲಿಲ್ಲ. ಆ ಮೇಲೆ ಆಕೆ ನನ್ನ ಜೊತೆ ನಡೆಯಲಿಲ್ಲ. ತವರಿನವರ ಮನೆಗೆ ಬಂದವಳಂತೆ ತಾನೇ ಮುಂದಾಗಿ, ಒಬ್ಬೊಬ್ಬ ಮದನಿಕೆಯ ಮುಂದೆಯೂ ನಿಂತು, ಜಡೆ ಹೇಗೆ ಸುತ್ತಿದೆ, ಕಡಗ ಎಷ್ಟಿವೆ, ಸರದ ತುದಿ ಎಲ್ಲಿ ಬಂದು ನಿಂತಿದೆ ಎಂದು ನೋಡತೊಡಗಿದಳು. ಕನ್ನಡಿ ಹಿಡಿದವಳನ್ನು ಜನರೆಲ್ಲ ಮುತ್ತಿದ್ದರು. ಆಕೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. "ಇವಳನ್ನು ಎಲ್ಲರೂ ನೋಡುತ್ತಾರೆ," ಎಂದು ಹೇಳಿ ಮುಂದಿನವಳ ಬಳಿಗೆ ಹೋದಳು. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದು ನನ್ನ ಅಂಗಾಲು ಸುಡುತ್ತಿತ್ತು. ಗಡಿಯಾರ ನೋಡಿಕೊಂಡೆ. ಅದನ್ನು ಆಕೆ ನೋಡಿದಳು, ನೋಡದವಳಂತೆ ಇದ್ದಳು.

ಹಳೇಬೀಡು ಅಲ್ಲಿಂದ ಹದಿನಾರು ಕಿಲೋಮೀಟರು. ಒಂದು ಕಾಲದ ದೋರಸಮುದ್ರ, ರಾಜಧಾನಿ. ಈಗ ಒಂದು ಕೆರೆ, ಒಂದು ಚಿಕ್ಕ ಊರು, ನಡುವೆ ಆ ಜೋಡಿ ದೇವಾಲಯ. ಕೇದಾರೇಶ್ವರ, ಬಸ್ತಿಹಳ್ಳಿಯ ಬಸದಿಗಳು ಎಲ್ಲವನ್ನೂ ಮುಗಿಸುವ ಯೋಜನೆ ನನ್ನದಾಗಿತ್ತು. ಅಲ್ಲಿನ ಗೋಡೆಯ ಬುಡ ನಿಮಗೆ ನೆನಪಿದ್ದೀತು: ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಆನೆಯನ್ನು ತೋರಿಸಿ, ರಾಮಾಯಣ ಮಹಾಭಾರತಗಳನ್ನು ತೋರಿಸಿ, ಬಳ್ಳಿಯನ್ನು ನಾನು ಯಾವಾಗಲೂ ಬಿಟ್ಟುಬಿಡುತ್ತಿದ್ದೆ. ಅದರಲ್ಲಿ ಹೇಳುವ ಕಥೆ ಇಲ್ಲವಲ್ಲ.

ಆಕೆ ಆ ಬಳ್ಳಿಯ ಮುಂದೆ ಕುಳಿತುಬಿಟ್ಟಳು.

ಮೊಣಕಾಲು ನೋವು ಬಂತೆಂದು ಭಾವಿಸಿದೆ. ಅಲ್ಲ. ಬೆರಳಿನಿಂದ ಗಾಳಿಯಲ್ಲಿ ಏನನ್ನೋ ಬರೆಯುತ್ತಿದ್ದಳು. ಆಕೆಯ ರಂಗೋಲಿಯನ್ನು ಬಲ್ಲ ನೆಂಟರಿಗೆ ಇದು ಅರ್ಥವಾದೀತು: ಯಾವುದಾದರೂ ಹೊಸ ಎಳೆ ಕಂಡರೆ ಕೈ ಮೊದಲು ಗಾಳಿಯಲ್ಲಿ ಅದನ್ನು ಕಲಿಯುತ್ತದೆ. "ಒಂದು ಸುತ್ತು ಇನ್ನೊಂದರ ಹಾಗಿಲ್ಲ ನೋಡಿ. ಇಲ್ಲಿ ಎಳೆ ಒಳಗೆ ಹೋಗಿದೆ, ಅಲ್ಲಿ ಹೊರಗೆ ಬಂದಿದೆ. ಎಲ್ಲೂ ಕಡಿದಿಲ್ಲ," ಎಂದಳು. ಪೆನ್ಸಿಲ್ ಕೇಳಿದಳು. ಕಾಗದವಿರಲಿಲ್ಲ. ಕೈಚೀಲದಲ್ಲಿದ್ದ ಲಗ್ನಪತ್ರಿಕೆಯ ಬೆನ್ನ ಮೇಲೆ ಬರೆಯತೊಡಗಿದಳು. ಸೋದರಿಯ ಮಗನ ಲಗ್ನಪತ್ರಿಕೆಯ ಮೇಲೆ ಗೀಚುವುದು ಸರಿಯಲ್ಲವೆಂದು ನಾನು ಆಕ್ಷೇಪಿಸಿದೆ. "ಬಳ್ಳಿ ತಾನೇ, ಶುಭವೇ," ಎಂದಳು.

ನಾನು ಸುಮ್ಮನೆ ಅಲೆದೆ. ಅಲೆಯುತ್ತ ದೇವಾಲಯದ ತೆಂಕಣ ಕಡೆಯಲ್ಲಿರುವ ಗರುಡಗಂಬದ ಬಳಿಗೆ ಬಂದೆ. ಕುವರ ಲಕ್ಷ್ಮನೆಂಬ ದಂಡನಾಯಕನ ಕಂಬ. ಇಮ್ಮಡಿ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ, ಒಡೆಯನೊಡನೆ ಪ್ರಾಣ ಬಿಡುವ ಪ್ರತಿಜ್ಞೆ ಮಾಡಿದ್ದ ಲಕ್ಷ್ಮನೂ ಅವನ ಹೆಂಡತಿಯೂ ಅನುಚರರೂ ಆತ್ಮಾರ್ಪಣೆ ಮಾಡಿಕೊಂಡರೆಂದು ಅದರ ಶಾಸನ ಹೇಳುತ್ತದೆ. ತಮ್ಮ ಕತ್ತನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಚಿತ್ರಗಳು ಕಂಬದ ಮೇಲಿವೆ. ಮಕ್ಕಳು ಹೆದರಿಯಾರೆಂದು ನಿಮ್ಮನ್ನು ಅದರ ಮುಂದೆ ನಿಲ್ಲಿಸುತ್ತಿರಲಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಹತ್ತಿರ ಹೋಗಿ ನೋಡಿದಾಗ ತಿಳಿಯಿತು, ನಾನೇ ಅದನ್ನು ನೆಟ್ಟಗೆ ನೋಡಿರಲಿಲ್ಲ.

ಮರಳಿ ಬಂದಾಗ ಆಕೆ ಇನ್ನೂ ಅಲ್ಲೇ ಇದ್ದಳು. ಮೂರೂವರೆ ಗಂಟೆ. "ಹೊರಡೋಣವೇ?" ಎಂದೆ. "ಇನ್ನು ಎರಡು ಸುತ್ತು," ಎಂದಳು. ಕೇದಾರೇಶ್ವರ ಹೋಯಿತು. ಬಸದಿಗಳು ಹೋದವು. ನಾಲ್ಕು ದಾಟಿತು. ಕೋಪ ಬಂದಿತ್ತೆಂದು ಮುಚ್ಚಿಡುವುದಿಲ್ಲ. ಒಂದು ಮಾತು ಗಂಟಲಿನವರೆಗೂ ಬಂದಿತ್ತು. ಆದರೆ ಆಕೆಯ ಮುಖ ನೋಡಿದೆ. ನಮ್ಮ ಮದುವೆಯಾಗಿ ಮೂವತ್ತಮೂರು ವರ್ಷಗಳಾಗಿದ್ದವು. ಒಲೆಯ ಮೇಲೆ ಏನನ್ನೂ ಇಟ್ಟು ಬಂದಿರದ ಆಕೆಯ ಮುಖವನ್ನು ನಾನು ಅಂದೇ ಮೊದಲು ಕಂಡೆನೆಂದು ತೋರುತ್ತದೆ. ಪಕ್ಕದಲ್ಲಿ ಕುಳಿತುಕೊಂಡೆ.

ಅರಸೀಕೆರೆ ತಲಪಿದಾಗ ಮೈಸೂರಿನ ಗಾಡಿ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಮಂಡಿಯ ಹುಡುಗ ಟ್ರಂಕಿನ ಮೇಲೆ ಕೈಯಿಟ್ಟು ನಿಂತಿದ್ದ. ಹುಡುಗನೆಂದರೆ ಆಗಲೇ ನಲವತ್ತರ ಹತ್ತಿರದವನು. ಏನೂ ಕೇಳದೆ ಮನೆಗೆ ಕರೆದೊಯ್ದ. ರಾತ್ರಿ ಅವನ ಮನೆಯಲ್ಲಿ ಮುದ್ದೆ, ಹುರುಳಿಸಾರು. ನನ್ನ ಶ್ರೀಮತಿ ಲಗ್ನಪತ್ರಿಕೆಯನ್ನು ಅವನ ಹೆಂಡತಿಗೆ ತೋರಿಸಿ ಇಬ್ಬರೂ ಅಂಗಳದಲ್ಲಿ ದೀಪ ಇಟ್ಟುಕೊಂಡು ಆ ಬಳ್ಳಿಯನ್ನು ನೆಲದ ಮೇಲೆ ಬಿಡಿಸಿದರು.

ಬೆಳಿಗ್ಗೆ ಗಾಡಿಗೆ ಇನ್ನೂ ಸಮಯವಿತ್ತು. "ಇಲ್ಲಿನ ಶಿವಾಲಯ ನೋಡಿದ್ದೀರಾ ಸರ್?" ಎಂದ. ಇಲ್ಲ ಎನ್ನಲು ನಾಚಿಕೆಯಾಯಿತು. ಊರಿನ ಅಂಚಿನಲ್ಲಿದೆ ಅದು. 1220ರ ಈಶ್ವರ ದೇವಾಲಯ, ಬಲ್ಲಾಳ ತೀರಿಕೊಂಡ ಅದೇ ವರ್ಷದ್ದು. ಹೊಯ್ಸಳರ ದೇವಾಲಯಗಳಲ್ಲಿ ನಕ್ಷತ್ರಾಕಾರವೆಂದರೆ ಸಾಮಾನ್ಯವಾಗಿ ಗರ್ಭಗುಡಿಯ ಹೊರಮೈ ಅಥವಾ ಜಗತಿ. ಇಲ್ಲಿ ಮುಂದಿನ ತೆರೆದ ಮಂಟಪವೇ ನಕ್ಷತ್ರದಂತೆ ಕೋನಕೋನವಾಗಿದೆ. ಒಳಗೆ ಕಂಬಗಳು ಸುತ್ತುವರಿದು ನಿಂತು ಗುಮ್ಮಟದಂಥ ಛಾವಣಿಯನ್ನು ಹೊತ್ತಿವೆ. ಇಂಥದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆ ಹೊತ್ತಿನಲ್ಲಿ ಅಲ್ಲಿ ನಾವು ಮೂವರಲ್ಲದೆ ಇನ್ನಾರೂ ಇರಲಿಲ್ಲ. ಆಕೆ ಮಂಟಪದ ನಡುವೆ ನಿಂತು ಒಂದು ಸುತ್ತು ತಿರುಗಿ, "ಚುಕ್ಕಿ ಇಟ್ಟು ಎಳೆ ಎಳೆದ ರಂಗೋಲಿಯನ್ನು ಎತ್ತಿ ನಿಲ್ಲಿಸಿದ ಹಾಗಿದೆ," ಎಂದಳು. ದೂರದಲ್ಲಿ ಯಾವುದೋ ಗಾಡಿ ಕೂಗಿತು. ಅಷ್ಟು ವರ್ಷ ಆ ಗಾಡಿಗಳೊಳಗೆ ಕುಳಿತು, ಕಿಟಕಿಯಿಂದ ಚಹದ ಲೋಟಕ್ಕೆ ಕೈಚಾಚುತ್ತಿದ್ದವನು ನಾನು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷದ ಸಂಗತಿ. ಅರಸೀಕೆರೆ ಆ ಪಟ್ಟಿಯಲ್ಲಿಲ್ಲ.

ಇನ್ನು ಮೈಸೂರಿನ ಬಂಧುಗಳಲ್ಲಿ ಒಂದು ನಿವೇದನೆ. ವರಪೂಜೆಗೆ ನಾವು ಬಾರದಿದ್ದುದಕ್ಕೆ ರೈಲು ತಡವಾದದ್ದೇ ಕಾರಣವೆಂದು ಅಂದು ಹೇಳಿದ್ದೆವು. ನಾದಿನಿ ಎರಡು ದಿನ ಮುಖ ಕೊಟ್ಟು ಮಾತಾಡಿರಲಿಲ್ಲ. ರೈಲು ಸಮಯಕ್ಕೆ ಸರಿಯಾಗಿಯೇ ಹೋಗಿತ್ತು. ಅದೇ ಬಳ್ಳಿಯನ್ನು 2009ರಲ್ಲಿ ನಮ್ಮ ಮಗಳ ಮದುವೆಯ ಹಸೆಯ ಮುಂದೆ ನೀವೆಲ್ಲ ನೋಡಿ ಹೊಗಳಿದ್ದೀರಿ. ಅದನ್ನಾದರೂ ಲೆಕ್ಕಕ್ಕೆ ಹಿಡಿದು ಕ್ಷಮಿಸಬೇಕು. ಲಗ್ನಪತ್ರಿಕೆ ಇನ್ನೂ ಹಳೆಯ ಪಂಚಾಂಗವೊಂದರ ನಡುವೆ ಭದ್ರವಾಗಿದೆ.

ಟ್ಯಾಲಿನ್ನಿನಿಂದ ಬರೆದವನು ಬರುವ ಜನವರಿಯಲ್ಲಿ ಊರಿಗೆ ಬರುವನಂತೆ. ಬಂದರೆ ರೈಲಿನಲ್ಲಿ ಅರಸೀಕೆರೆಗೆ ಹೋಗೋಣ, ಹಳೇಬೀಡಿನ ಒಂದೇ ಗೋಡೆ ನೋಡೋಣ, ಎಂದು ಉತ್ತರ ಬರೆದಿದ್ದೇನೆ. ಸೀಟಿ ಮೊಮ್ಮಗನ ಆಟಿಕೆಗಳ ಡಬ್ಬಿಯಲ್ಲಿದೆ. ಶ್ರೀಮತಿಗೆ ಈಗ ಮೊಣಕಾಲು ಅಷ್ಟು ದೂರ ಒಪ್ಪುವುದಿಲ್ಲ.

ಇದನ್ನೆಲ್ಲ ಆಕೆಗೆ ಓದಿ ಹೇಳಿದೆ. ಹಸೆಯ ಮಾತು ಬಂದಾಗ ತಲೆಯಾಡಿಸಿದಳು. ರೈಲು ತಪ್ಪಿದ ಭಾಗವನ್ನು ಮಾತ್ರ ಒಪ್ಪಲಿಲ್ಲ. ತಾನು ನಾಲ್ಕೂಕಾಲಕ್ಕೇ ಎದ್ದಿದ್ದಳಂತೆ. ಬಸ್ಸು ಹೊರಡುವ ಹೊತ್ತಿಗೆ ಎದುರಿನ ಹೋಟೆಲಿನಲ್ಲಿ ಕಾಫಿಗೆಂದು ಹೋಗಿ ಕುಳಿತವನು ನಾನಂತೆ.